ಆಸ್ಪತ್ರೆಯ ಬಾಗಿಲಲ್ಲಿ ಆಡಬೇಕಾದ ಮಾತು

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ, ಕೃಷ್ಣರಾಜನಗರದ ನಾಲೆಬಯಲಿನ ಗದ್ದೆಗಳಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಾಗಲಿ ಮಳೆಗಾಲದ ಇರುಳು ಒಬ್ಬನಿಗೆ ಹಾವು ಕಚ್ಚಿತೆಂದರೆ, ಅವನನ್ನು ಹೊತ್ತು ತಾಲ್ಲೂಕು ಆಸ್ಪತ್ರೆಗೆ ಓಡಿಬರುವ ಮನೆಯವರ ಬಾಯಲ್ಲಿ ಇರುವುದು ಒಂದೇ ಮಾತು: "ಬೇಗ ಇಂಜೆಕ್ಷನ್ ಕೊಡಿ ಸ್ವಾಮಿ."

ವೈದ್ಯರಾದರೋ, ವಿಷವೇರಿದ ಲಕ್ಷಣ ಸ್ಪಷ್ಟವಾಗಿದ್ದಲ್ಲಿ ಕೂಡಲೇ ಕೊಡಬಲ್ಲರು, ಸಂದೇಹವಿದ್ದಲ್ಲಿ ಕೊಡಲಾರರು. ಕುದುರೆಯ ರಕ್ತದಿಂದ ಸಿದ್ಧವಾಗುವ ಆ ಪ್ರತಿವಿಷವೇ ಕೆಲವರಲ್ಲಿ ಪ್ರಾಣಾಪಾಯದ ಅಲರ್ಜಿಯನ್ನು ಉಂಟುಮಾಡುವುದುಂಟು. ಆದಕಾರಣ ರೋಗಿಯ ರಕ್ತವನ್ನು ಗಾಜಿನ ನಳಿಗೆಯಲ್ಲಿರಿಸಿ, ಹೆಪ್ಪುಗಟ್ಟುವುದೋ ಇಲ್ಲವೋ ಎಂದು 20 ನಿಮಿಷ ಅಲುಗಿಸದೆ ಕಾಯಬೇಕು. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಆ ಕಾಯುವಿಕೆ ಚಿಕಿತ್ಸೆಯ ಅಂಗ. ಹೊರಗೆ ನಿಂತ ತಂದೆಯ ದೃಷ್ಟಿಯಲ್ಲಿ ಅದು ಘೋರವಾದ ಅಲಕ್ಷ್ಯ. "ನೋಡಿ ಯಜಮಾನ್ರೇ, ಈ ರಕ್ತ ಹೆಪ್ಪುಗಟ್ಟುತ್ತದೋ ಎಂದು ಪರೀಕ್ಷಿಸುತ್ತಿದ್ದೇವೆ, ಅಷ್ಟು ಹೊತ್ತು ನಾವು ಇವನ ಪಕ್ಕದಲ್ಲೇ ಇರುತ್ತೇವೆ" ಎಂದು ಯಾರಾದರೊಬ್ಬರು ಹೇಳಿದ್ದರೆ ಆತ ಕಾಯುತ್ತಿದ್ದ. ಯಾರೂ ಹೇಳದಿದ್ದಾಗ ಕೂಗುತ್ತಾನೆ, ಕೂಗಿಗೆ ಜನ ಸೇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳ ಜಗಳಕ್ಕೆ ಬಹುಮಟ್ಟಿಗೆ ಇಂತಹ ಮೌನವೇ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಉಸಿರಾಟ ಕುಗ್ಗಿ ವೆಂಟಿಲೇಟರ್ ಬೇಕಾದಾಗ ಸಂಕಟ ಇಮ್ಮಡಿಯಾಗುತ್ತದೆ. "ಮೈಸೂರಿಗೆ ಬರೆದುಕೊಟ್ಟಿದ್ದೇವೆ" ಎಂದು ವೈದ್ಯರು ಹೇಳಿದ್ದು ಮನೆಯವರ ಕಿವಿಗೆ "ಕೈಬಿಟ್ಟೆವು" ಎಂದೇ ಕೇಳಿಸುತ್ತದೆ. ದೊಡ್ಡಾಸ್ಪತ್ರೆಗೆ ಪಿರಿಯಾಪಟ್ಟಣದಿಂದ ಅರವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಏಕೆ ಹೋಗಬೇಕು, ದಾರಿಯಲ್ಲಿ ಏನಾದೀತು, ಅಲ್ಲಿ ಯಾರನ್ನು ಕಾಣಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ 108ರ ವಾಹನ ಹತ್ತುವ ಕುಟುಂಬದ ಮನಃಸ್ಥಿತಿಯನ್ನು ವೈದ್ಯರೇ ಊಹಿಸಿಕೊಳ್ಳಲಿ.

ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಸೆರೆವಾಸ, ದಂಡ ವಿಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 2009ರಿಂದಲೂ ಇದೆ. ಅದು ಇರಲೇಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುತ್ತ, ತನ್ನದಲ್ಲದ ಕೊರತೆಗಾಗಿ ಬೈಗುಳ ತಿನ್ನುವ ಸಿಸ್ಟರಿನ ಮೇಲೆ ಕೈಯೆತ್ತುವವನಿಗೆ ಯಾವ ದುಃಖವೂ ಕ್ಷಮೆಯಾಗದು. ಆದರೆ ಕಾನೂನು ಬರುವುದು ಏಟು ಬಿದ್ದ ಮೇಲೆ; ಏಟು ಬೀಳದಂತೆ ತಡೆಯಬಲ್ಲದ್ದು ಮಾತು. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನಗಳ ಪಾಠ ಸೇರಿದೆ. ಆದರೆ ರೋಗಿಯೊಡನೆ ಮೊದಲು ಮಾತಾಡುವವರು ಚೀಟಿ ಬರೆಯುವವರು, ಆಯಾಗಳು, ಕಾವಲುಗಾರರು. ಆ ಪಾಠ ಅವರಿಗೂ ಸಲ್ಲಬೇಕು.

ಇನ್ನು ಕೂಗದವರ ಸಂಕಟವೊಂದಿದೆ. ಜೇನುಕುರುಬರ, ಯರವರ ಹಾಡಿಗಳಿಂದ ಬಂದವರನ್ನು ಗದರಿಸಿದರೆ ಅವರು ಜಗಳವಾಡುವುದಿಲ್ಲ. ಹೇಳದೆ ಎದ್ದು ಹಾಡಿಗೆ ಮರಳಿಬಿಡುತ್ತಾರೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ ಮೈಸೂರು ವೈದ್ಯಕೀಯ ಕಾಲೇಜಿನ ತರುಣರು ಮುಂದೆ ಹೆಗ್ಗಡದೇವನಕೋಟೆಯ ಈ ಜನರ ನಡುವೆಯೇ ಹೋಗಿ ನೆಲೆಸಿ ಚಿಕಿತ್ಸೆ ನೀಡಿದರು. ಸರ್ಕಾರಿ ಆಸ್ಪತ್ರೆಗೆ ಅಷ್ಟು ಸಾಧ್ಯವಾಗದಿದ್ದರೂ ಹಾಡಿಯ ನುಡಿ ಬಲ್ಲ ಒಬ್ಬರನ್ನು ವಾರ್ಡಿನಲ್ಲಿರಿಸುವುದು ಅಸಾಧ್ಯವೇನಲ್ಲ.

ಸಾವಿನ ಸುದ್ದಿಯನ್ನಂತೂ ಓಣಿಯಲ್ಲಿ ನಿಂತು ಹೇಳಲಾಗದು. ಮನೆಯವರನ್ನು ಕೂರಿಸಿ, ತಾವೂ ಕೂತು, "ತೀರಿಕೊಂಡರು" ಎಂದು ನೇರವಾಗಿ ನುಡಿದು, ಅವರ ಅಳುವಿಗೆ ಎಡೆಗೊಟ್ಟು, ಅನಂತರವಷ್ಟೇ ಪೊಲೀಸರಿಗೆ ವರದಿ ಹೋಗುವ ವಿಷಯವನ್ನೂ ಸರ್ಕಾರದ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾದೀತೆಂಬುದನ್ನೂ ತಿಳಿಸಬೇಕು.

ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿಮಾಡಬೇಕೆಂದು 2024ರಲ್ಲಿ ನಮ್ಮ ರಾಜ್ಯ ಘೋಷಿಸಿತು; ಅದು ಶ್ಲಾಘ್ಯವಾದ ಕ್ರಮ. ಆದರೆ ವರದಿಯೊಂದೇ ಸಾಲದು, ಮಾತೂ ಬೇಕು. ಈ ನಾಲ್ಕು ತಾಲ್ಲೂಕುಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ಮಳೆಗಾಲಕ್ಕೆ ಮುನ್ನ, ರೋಗಿಯ ಮನೆಯವರೊಡನೆ ಮಾತಾಡುವುದೇ ಕೆಲಸವಾಗಿರುವ, ತರಬೇತಿ ಪಡೆದ ಒಬ್ಬರನ್ನು ನಿಮ್ಮ ಆಸ್ಪತ್ರೆಯ ರಾತ್ರಿ ಪಾಳಿಗೆ ನೇಮಿಸಿರಿ.