ಅರೆಮಲೆನಾಡಿನ ನಾಲ್ಕು ತಾಲ್ಲೂಕುಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಹಾನಗಲ್ಲಿನಲ್ಲಿ ಭತ್ತದ ಗದ್ದೆ, ಮಾವಿನ ತೋಪು, ಧರ್ಮಾ ಹೊಳೆಯ ನೀರು. ಮೂಡಣಕ್ಕೆ ಸವಣೂರಿನತ್ತ ಸಾಗಿದರೆ ಎರೆಹೊಲ, ಜೋಳ, ಹತ್ತಿ. ಇಕ್ಕೇರಿ ಬಳಿ ಹುಟ್ಟಿದ ವರದೆ ಈ ಎರಡೂ ಬಗೆಯ ನೆಲ ಹಾಯ್ದು ತುಂಗಭದ್ರೆ ಸೇರುತ್ತದೆ. ಹಿರೇಕೆರೂರಿನದು ಕುಮುದ್ವತಿಯ ಸೀಮೆ. ಮಾಸೂರಿನ ಮದಗದ ಕೆರೆ ಅದರ ಹೆಮ್ಮೆ.

ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಒಂದೆಡೆ ಪೇಶ್ವೆಗಳು, ಇನ್ನೊಂದೆಡೆ ಹೈದರ್ ಮತ್ತು ಟಿಪ್ಪು; ನಡುವೆ ಈ ಪುಟ್ಟ ಸಂಸ್ಥಾನ ಉಳಿದುಕೊಂಡಿತು. ಅಲ್ಲಿ ಸತ್ಯಬೋಧ ತೀರ್ಥರ ಬೃಂದಾವನವಿದೆ, 1909ರಲ್ಲಿ ವಿ.ಕೃ. ಗೋಕಾಕರು ಹುಟ್ಟಿದ್ದೂ ಅಲ್ಲಿಯೇ. ಕಲ್ಮಠದ ಆವರಣದಲ್ಲಿ 'ದೊಡ್ಡ ಹುಣಸೆ' ಎಂದು ಕರೆಯುವ ಮರಗಳು ಆಫ್ರಿಕಾ ಮೂಲದ ಬಾವೊಬಾಬ್. ಪಶ್ಚಿಮ ಆಫ್ರಿಕಾದ ಸೆನೆಗಲ್ ತನ್ನ ರಾಷ್ಟ್ರವೃಕ್ಷವೆಂದು ಗೌರವಿಸುವ ಮರ ಇಲ್ಲಿ ಮಠದ ಮರವಾಗಿ ಪೂಜೆಗೊಳ್ಳುತ್ತದೆ.

ಈ ಸೀಮೆಯ ಸ್ವಾತಂತ್ರ್ಯಬುದ್ಧಿ ಮೊದಲು ಕಾಣುವುದು ಹಾಡಿನಲ್ಲಿ. ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಬಡವರ ಧಾನ್ಯವನ್ನು ಗೆಲ್ಲಿಸಿದರು. ಗದ್ದೆಯೂ ಬೆದ್ದಲೂ ಅಕ್ಕಪಕ್ಕ ಇರುವ ನೆಲದಲ್ಲಿ ಹುಟ್ಟಿದವರಿಗೆ ಆ ವಾದ ಬರೀ ಕಲ್ಪನೆಯಾಗಿರಲಾರದು. ಅದೇ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಮುಸಲ್ಮಾನ ಮನೆತನದವರು. ಗುರುವೆಂದು ಒಪ್ಪಿಕೊಂಡದ್ದು ಕಳಸದ ಬ್ರಾಹ್ಮಣ ಗೋವಿಂದಭಟ್ಟರನ್ನು. ಲೋಕ ಏನೆಂದೀತೆಂಬ ಅಂಜಿಕೆ ಗುರುವಿಗೂ ಇರಲಿಲ್ಲ, ಶಿಷ್ಯನಿಗೂ ಇರಲಿಲ್ಲ. ಶರೀಫರ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ. ಯಾರಿಗೂ ಮುಲಾಜು ನೋಡದೆ ಮಾತಾಡಿದ ಸರ್ವಜ್ಞನನ್ನು ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ತಮ್ಮವನೆಂದು ನಂಬಿವೆ.

ಹಾಡಿನಲ್ಲಿದ್ದ ಈ ಧೈರ್ಯ 1930ರ ದಶಕದ ಆರಂಭದಲ್ಲಿ ಹೊಲಕ್ಕಿಳಿಯಿತು. ಕಾಯಿದೆ ಭಂಗ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರಂತೆ ಹಿರೇಕೆರೂರಿನವರೂ ಕರನಿರಾಕರಣೆಗೆ ನಿಂತರು. ಕಂದಾಯ ಕೊಡೆವೆಂದರೆ ಹೊಲ, ದನ, ಮನೆಯ ಪಾತ್ರೆಪಗಡೆಗಳ ಜಪ್ತಿಗೆ ಸಿದ್ಧರಾದಂತೆ. ಭಾಷಣಕ್ಕಿಂತ, ಮೆರವಣಿಗೆಗಿಂತ ಕಠಿಣವಾದ ಹೋರಾಟವಿದು; ಇದರ ಭಾರವನ್ನು ಗಂಡಸರಷ್ಟೇ ಹೆಂಗಸರೂ ಹೊತ್ತರು. ಆದರೂ ದಂಡಿಯ ಉಪ್ಪಿಗೆ ಸಿಕ್ಕ ಜಾಗ ಈ ಹೊಲಗಳಿಗೆ ನಮ್ಮ ಪಠ್ಯಗಳಲ್ಲಿ ಸಿಕ್ಕಿಲ್ಲ.

ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕರನಿರಾಕರಣೆಯ ಮನೆತನಗಳಲ್ಲಿ ಅಜ್ಜ-ಅಜ್ಜಿಯರಿಂದ ಕೇಳಿದ ಸಂಗತಿ ನೆನಪಿರುವವರು ಇನ್ನೂ ಇರುವಾಗಲೇ ಅದು, ಊರಿನ ಶಾಲೆಗಳು ಮತ್ತು ಓದುಗರು ಕೂಡಿ ಅವನ್ನೆಲ್ಲ ಬರೆದಿಡಬೇಕು.