ನೌಕೆಯ ನಂಬರ್ ತಪ್ಪಿದರೆ ನಮಗೇನು?

ಮಕ್ಕಳೇ,

ನಿಮ್ಮಲ್ಲಿ ಕೆಲವರು ‘ಸ್ಟಾರ್ ಟ್ರೆಕ್’ ನೋಡಿರಬಹುದು, ಹಲವರು ನೋಡಿರಲಿಕ್ಕಿಲ್ಲ. 1966ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಶುರುವಾದ ವೈಜ್ಞಾನಿಕ ಕಥೆಗಳ ಸರಣಿ ಅದು. ಆಮೇಲೆ ಸಿನಿಮಾಗಳು, ಹೊಸ ಸರಣಿಗಳು ಅಂತ ಬೆಳೆಯುತ್ತಲೇ ಹೋಯಿತು. ಅದರ ಮುಖ್ಯ ಅಂತರಿಕ್ಷ ನೌಕೆ ‘ಎಂಟರ್‌ಪ್ರೈಸ್’. ಮುಂದೆ ತಟ್ಟೆಯ ಆಕಾರ, ಹಿಂದೆ ಎರಡು ಉದ್ದನೆಯ ಕೊಳವೆಗಳು. ತಟ್ಟೆಯ ಮೇಲೆ ದೊಡ್ಡದಾಗಿ ‘ಎನ್‌ಸಿಸಿ-1701’ ಎಂಬ ನಂಬರ್. (ಶಾಲೆಯ ಎನ್‌ಸಿಸಿಗೂ ಇದಕ್ಕೂ ಸಂಬಂಧ ಇಲ್ಲ!)

ಈ ನೌಕೆಯ ವಿನ್ಯಾಸ ಮಾಡಿದವರು ಮ್ಯಾಟ್ ಜೆಫ್ರೀಸ್. ಅವರಿಗೆ ವಿಮಾನಗಳ ಹುಚ್ಚು. ಅಮೆರಿಕದ ಹಳೆಯ ವಿಮಾನಗಳ ಮೇಲೆ ಇರುತ್ತಿದ್ದ ‘ಎನ್‌ಸಿ’ ಅಕ್ಷರಗಳಿಗೆ ಇನ್ನೊಂದು ‘ಸಿ’ ಸೇರಿಸಿದರು. 3, 6, 8, 9 ಈ ಅಂಕಿಗಳು ದೂರದಿಂದ ಗೊಂದಲ ಮಾಡುತ್ತವೆ ಅಂತ ಅವನ್ನು ಬಿಟ್ಟರು. ಅಂದರೆ, ನಂಬರಿನ ಹಿಂದೆ ಒಂದು ಯೋಚನೆ ಇತ್ತು.

ಆದರೆ ಮರುವರ್ಷವೇ ಎಡವಟ್ಟಾಯಿತು. 1967ರ ಒಂದು ಕಂತಿನಲ್ಲಿ ಎಂಟರ್‌ಪ್ರೈಸ್‌ನದೇ ಮಾದರಿಯ ‘ಕಾನ್‌ಸ್ಟಲೇಶನ್’ ಎಂಬ ನೌಕೆ ಬೇಕಾಯಿತು. ಅಂಗಡಿಯಲ್ಲಿ ಸಿಗುತ್ತಿದ್ದ ಎಂಟರ್‌ಪ್ರೈಸ್ ಆಟಿಕೆಯ ಕಿಟ್ ತಂದರು, ಅದರಲ್ಲಿದ್ದ ಅಂಕಿಗಳನ್ನೇ ಅದಲು ಬದಲು ಮಾಡಿ ಅಂಟಿಸಿದರು. 1701 ಹೋಗಿ 1017 ಆಯಿತು! ಆ ಮಾದರಿಯ ಮೊದಲ ನೌಕೆಯ ನಂಬರ್ 1700 ಅಂತ ಆಮೇಲೆ ಹೇಳಿದರು. ಹಾಗಾದರೆ ತಮ್ಮ ಅಣ್ಣನಿಗಿಂತ ಮೊದಲೇ ಹುಟ್ಟಿದನೇ? ಮುಂದೆ ‘ಯಮಾಟೊ’ ಎಂಬ ನೌಕೆಗೆ 1988ರಲ್ಲಿ 1305-ಇ ಅಂತ ನಂಬರ್ ಹೇಳಿದರು, 1989ರಲ್ಲಿ ಅದೇ ನೌಕೆಗೆ 71807.

ನನಗೆ ಇಷ್ಟವಾದದ್ದು 1989ರ ಐದನೇ ಸಿನಿಮಾದ ಎಡವಟ್ಟು. ನಾಯಕರು ಲಿಫ್ಟಿನ ಬಾವಿಯೊಳಗೆ ಮೇಲಕ್ಕೆ ಹಾರುತ್ತಾರೆ. ಗೋಡೆಯ ಮೇಲಿನ ಮಹಡಿ ನಂಬರ್ ಏರುತ್ತಾ 78ಕ್ಕೆ ಹೋಗುತ್ತದೆ. ಮಧ್ಯೆ 52 ಎರಡು ಸಲ ಬರುತ್ತದೆ. ಈ ನೌಕೆಗಳಲ್ಲಿ ಒಂದನೇ ಮಹಡಿ ಇರುವುದು ತುತ್ತತುದಿಯಲ್ಲಿ. ಮೇಲೆ ಹೋದಂತೆ ನಂಬರ್ ಇಳಿಯಬೇಕಿತ್ತು. ಲೆಕ್ಕ ಹಾಕಿ ನೋಡಿ. ಮಹಡಿಗೆ 3 ಮೀಟರ್ ಹಿಡಿದರೂ 78 ಮಹಡಿಗೆ 234 ಮೀಟರ್ ಎತ್ತರ ಬೇಕು. ನೌಕೆಯ ಉದ್ದವೇ ಸುಮಾರು 300 ಮೀಟರ್, ಎತ್ತರ ಅದರ ಕಾಲು ಭಾಗದಷ್ಟು.

“ಕಥೆ ತಾನೆ ಸರ್, ಬಿಡಿ” ಅನ್ನುತ್ತೀರಿ. ನಾನು ಬಿಡುವುದಿಲ್ಲ. ಎರಡು ಮಾಹಿತಿಯನ್ನು ಪಕ್ಕಪಕ್ಕ ಇಟ್ಟು “ಇವೆರಡೂ ಒಟ್ಟಿಗೆ ನಿಜ ಆಗಲಿಕ್ಕೆ ಸಾಧ್ಯವಾ?” ಅಂತ ಕೇಳುವುದೇ ವಿಜ್ಞಾನದ ಮೊದಲ ಹೆಜ್ಜೆ. ಅದನ್ನು ಸಿನಿಮಾ ನೋಡುತ್ತಾ ಕಲಿತರೂ ಕಲಿತ ಹಾಗೇ.

ಎರಡನೇ ಹೆಜ್ಜೆಯಲ್ಲಿ ಮಾತ್ರ ಜಾಗ್ರತೆ ಬೇಕು. ‘1017 ಹಳೆಯ ನೌಕೆ, ಆಮೇಲೆ ರಿಪೇರಿ ಮಾಡಿ ಹೊಸ ಮಾದರಿಗೆ ತಂದರು’ ಅಂತ ಅಭಿಮಾನಿಗಳು ಸಮಜಾಯಿಷಿ ಕೊಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಪರೀಕ್ಷೆ ಮಾಡುವುದು ಹೇಗೆ? ಆ ನೌಕೆಯೇ ಇಲ್ಲವಲ್ಲ!

ನಿಸರ್ಗದಲ್ಲಿ ಹಾಗಲ್ಲ. ಆವರ್ತ ಕೋಷ್ಟಕದಲ್ಲೂ ಇಂಥದ್ದೇ ನಂಬರಿನ ತಕರಾರು ಇತ್ತು. ಟೆಲ್ಲೂರಿಯಂನ ಪರಮಾಣು ರಾಶಿ 127.6, ಅಯೋಡಿನ್‌ನದು 126.9. ರಾಶಿಯ ಪ್ರಕಾರ ಅಯೋಡಿನ್ ಮೊದಲು ಬರಬೇಕು. ಆದರೆ ಗುಣಗಳನ್ನು ನೋಡಿ ಮೆಂಡಲೀವ್ ಟೆಲ್ಲೂರಿಯಂ ಅನ್ನೇ ಮೊದಲು ಇಟ್ಟರು. ಅದರ ರಾಶಿಯನ್ನು ಅಳೆದದ್ದೇ ತಪ್ಪಿರಬೇಕು ಅಂದುಕೊಂಡರು. ಮತ್ತೆ ಅಳೆದರೂ ಟೆಲ್ಲೂರಿಯಂನದೇ ಹೆಚ್ಚು. ಕೊನೆಗೆ 1913ರಲ್ಲಿ ಮೋಸ್ಲಿ ಎಕ್ಸ್-ಕಿರಣಗಳ ಪ್ರಯೋಗ ಮಾಡಿ, ಸಾಲು ನಿಲ್ಲಿಸಬೇಕಾದದ್ದು ಪರಮಾಣು ಸಂಖ್ಯೆಯ ಪ್ರಕಾರ ಅಂತ ತೋರಿಸಿದರು. ಟೆಲ್ಲೂರಿಯಂ 52, ಅಯೋಡಿನ್ 53. ಸ್ಥಾನವೂ ಸರಿ ಇತ್ತು, ಅಳತೆಯೂ ಸರಿ ಇತ್ತು, ತಪ್ಪಿದ್ದದ್ದು ನಿಯಮ. ಆ ಸಣ್ಣ ತಾಳೆಯಾಗದ ಜಾಗವನ್ನು ಮುಚ್ಚಿಬಿಟ್ಟಿದ್ದರೆ ನಿಯಮ ತಿದ್ದುವ ದಾರಿಯೂ ಮುಚ್ಚುತ್ತಿತ್ತು.

ಇದನ್ನೆಲ್ಲ ಹೇಳುವ ನಾನೂ ಒಮ್ಮೆ ಮುಚ್ಚಿದ್ದೇನೆ. ಹೋದ ವರ್ಷ ಒಂಬತ್ತನೇ ತರಗತಿಗೆ ಸಾಂದ್ರತೆಯ ಲೆಕ್ಕ ಕೊಟ್ಟಿದ್ದೆ. ಅಲ್ಯೂಮಿನಿಯಂ ತುಂಡು, 540 ಗ್ರಾಂ, 200 ಘನ ಸೆಂ.ಮೀ. ಒಬ್ಬ ಹುಡುಗಿ 2.7 ಅಂತ ಬರೆದಿದ್ದಳು. ಅಭ್ಯಾಸ ಪುಸ್ತಕದ ಕೊನೆಯಲ್ಲಿ 27 ಅಂತ ಅಚ್ಚಾಗಿತ್ತು. “ಸರ್, ಉತ್ತರ ಬೇರೆ ಇದೆ” ಅಂದಳು. ಬೆಲ್ ಹೊಡೆಯುವ ಹೊತ್ತು. “ಪುಸ್ತಕದಲ್ಲಿರೋ ಹಾಗೆ ಬರಿಯಮ್ಮ” ಅಂದುಬಿಟ್ಟೆ. ಅವಳು ರಬ್ಬರ್ ತಗೊಂಡು ಸರಿಯಾದ ಉತ್ತರವನ್ನು ಅಳಿಸಿದಳು. ರಾತ್ರಿ ನೋಟ್ಸ್ ತಿದ್ದುವಾಗ ಹೊಳೆಯಿತು: ಚಿನ್ನದ ಸಾಂದ್ರತೆಯೇ 19.3, ನಮ್ಮ ಅಲ್ಯೂಮಿನಿಯಂ ಚಿನ್ನವನ್ನೂ ಮೀರಿಸಿದೆ! ಮರುದಿನ ಎಲ್ಲರೆದುರು ತಪ್ಪು ಒಪ್ಪಿಕೊಂಡೆ. ಆದರೂ ಅವಳು ಮೊದಲಿನಷ್ಟು ಕೈ ಎತ್ತುತ್ತಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ.

ಗಡಿಯಾಚೆಯ ನಮ್ಮ ಶಾಲೆಗಳಿಗೆ ಕನ್ನಡದ ವಿಜ್ಞಾನ ಪುಸ್ತಕಗಳು ಸಿಗುವುದೇ ಕಡಿಮೆ. ಸಿಕ್ಕ ಒಂದನ್ನೇ ನಂಬಿ ಕೂರುತ್ತೇವೆ, ಹೋಲಿಸಲು ಇನ್ನೊಂದು ಇರುವುದಿಲ್ಲ. ಆದ್ದರಿಂದ ತಾಳೆ ನೋಡುವ ಕೆಲಸವನ್ನು ನಿಮ್ಮ ತಲೆಯೇ ಮಾಡಬೇಕು. ಅಚ್ಚಾದ ಮಾತ್ರಕ್ಕೆ ಸರಿ ಅಲ್ಲ. ನಿಮಗೆ ಅನ್ನಿಸಿದ ಮಾತ್ರಕ್ಕೆ ಪುಸ್ತಕ ತಪ್ಪೂ ಅಲ್ಲ. ಇನ್ನೊಮ್ಮೆ ಲೆಕ್ಕ ಮಾಡಿ, ಆಮೇಲೆ ಧೈರ್ಯವಾಗಿ ಕೈ ಎತ್ತಿ. ಮೇಷ್ಟ್ರು ಅವಸರದಲ್ಲಿದ್ದರೆ ಮರುದಿನ ಮತ್ತೆ ಕೇಳಿ. ರಬ್ಬರ್ ಮಾತ್ರ ಬೇಗ ತಗೋಬೇಡಿ.

ಈ ಲೇಖನದಲ್ಲೂ ತಾಳೆಯಾಗದ ಅಂಕಿ ಸಿಕ್ಕರೆ ಪತ್ರಿಕೆಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.