ಅಪ್ಪನ ಕೊಡೆಯ ತುದಿ

2005ರ ಜುಲೈ 26. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಓಣಿಯಲ್ಲಿ ಸೊಂಟದವರೆಗೆ ನೀರು. ಲೋಕಲ್ ನಿಂತು ಹೋಗಿದ್ದರಿಂದ ಹಳಿಗುಂಟ ನಡೆದು ಬಂದವರು ಓಣಿಯ ಬಾಯಲ್ಲೇ ನಿಂತಿದ್ದರು. ಯಾವ ಮ್ಯಾನ್‌ಹೋಲ್ ಎಲ್ಲಿ ಬಾಯ್ತೆರೆದಿದೆಯೋ, ಯಾರಿಗೆ ಗೊತ್ತು? ಅಪ್ಪ ಲುಂಗಿ ಮೇಲೆ ಕಟ್ಟಿ, ಮಡಚಿದ ಕೊಡೆ ಹಿಡಿದು ನೀರಿಗಿಳಿದರು. ಕೊಡೆಯ ತುದಿಯನ್ನು ಓರೆಯಾಗಿ ಚುಚ್ಚುವರು: ಎಡಕ್ಕೊಮ್ಮೆ, ನಡುವಿಗೊಮ್ಮೆ, ಬಲಕ್ಕೊಮ್ಮೆ. ಆಮೇಲೆ ಒಂದೇ ಹೆಜ್ಜೆ. ‘ನಾ ಇಟ್ಟಲ್ಲೇ ಕಾಲಿಡ್ರಿ, ಆಕಡೆ ಈಕಡೆ ನೋಡಬ್ಯಾಡ್ರಿ’ ಎನ್ನುತ್ತ ರಾತ್ರಿ ಹನ್ನೊಂದರವರೆಗೆ ಜನರನ್ನು ದಾಟಿಸಿದರು.

ಆ ಓರೆ ಚುಚ್ಚನ್ನು ಅವರು ಕಲಿತದ್ದು ಬೆಂಗಳೂರಿನಲ್ಲಿ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ. ನೆಲದಲ್ಲಿ ಹುಗಿದ ಮೈನು ಹುಡುಕುವಾಗ ನೆಟ್ಟಗೆ ಚುಚ್ಚಿದರೆ ಸಲಾಕೆ ಅದರ ತಲೆಗೇ ತಗಲುತ್ತದೆ, ಓರೆ ಹಿಡಿದರೆ ಪಕ್ಕೆಗೆ. 1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ಅದೇ ಕೆಲಸ ಮಾಡಿದ್ದರು. ಬಸಂತರ್ ಎಂದರೆ ನಮಗೆ ನೆನಪಾಗುವುದು 21ರ ಹರೆಯದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಅರುಣ್ ಖೇತರ್‌ಪಾಲ್. ನೆನಪಾಗಬೇಕಾದ್ದೇ. ಆದರೆ ಆ ಮೈನು ತುಂಬಿದ ನೆಲದಲ್ಲಿ ಟ್ಯಾಂಕುಗಳಿಗೆ ದಾರಿ ಬಿಡಿಸಲು ಮುಂದೆ ಹೋದ ಸ್ಯಾಪರ್‌ಗಳೂ ಇದ್ದರು, ಅವರಲ್ಲಿ ಹಲವರು ತಿರುಗಿ ಬಂದರು. ನನ್ನ ತಕರಾರು ಇರುವುದು ಇಲ್ಲಿಯೇ. ತಿರುಗಿ ಬಂದವರನ್ನು ಏನು ಮಾಡಬೇಕೆಂದು ನಮ್ಮ ಊರುಗಳಿಗೆ ತಿಳಿದಿಲ್ಲ.

ಡೊಂಬಿವಲಿಯ ಘರಡಾ ಸರ್ಕಲ್‌ನಲ್ಲಿ ಹುತಾತ್ಮ ಕ್ಯಾಪ್ಟನ್ ವಿನಯಕುಮಾರ್ ಸಚಾನ್ ಅವರ ಸ್ಮಾರಕವಿದೆ. ಕಲ್ಯಾಣದ ದುರ್ಗಾಡಿ ಕೋಟೆಯ ಬಳಿಗೆ ನೌಕಾಪಡೆಯಿಂದ ನಿವೃತ್ತವಾದ ಟಿ-80 ಹಡಗನ್ನು ತಂದಿದ್ದಾರೆ. ಹಡಗಿಗೂ ನಿವೃತ್ತಿಯ ಗೌರವ ಸಿಕ್ಕಿತಲ್ಲ ಎಂದು ಸಂತೋಷವೇ. ಅಪ್ಪನಿಗೆ ಸಿಕ್ಕಿದ್ದು ಒಂದು ಕಾರ್ಖಾನೆಯ ಗೇಟು, ಹನ್ನೆರಡು ತಾಸಿನ ಪಾಳಿ. ಅದರ ಬಗ್ಗೆ ಒಂದು ದಿನವೂ ಗೊಣಗಲಿಲ್ಲ. ಗೊಣಗಿದವಳು ಅಮ್ಮ.

ಪಾಳಿ ಮುಗಿಸಿ ಬಂದು ಚಹ ಕುಡಿದವರೇ ಉದ್ದನೆಯ ರಿಜಿಸ್ಟರ್ ತೆಗೆಯುತ್ತಿದ್ದರು. ಓಣಿಯ ಕನ್ನಡದವರಲ್ಲಿ ಯಾರಾದರೂ ತೀರಿಕೊಂಡರೆ ಎತ್ತಿದ ವಂತಿಗೆ, ಊರಿಗೆ ಹೆಣ ಒಯ್ಯಲು ಕೊಟ್ಟ ಮುಂಗಡ, ಗದಗಿನ ಹುಡುಗನ ಪರೀಕ್ಷೆ ಫೀ, ಎಲ್ಲ ಅದರಲ್ಲಿ. ಸಾಲ ತೀರಿದ ಹೆಸರಿನ ಮೇಲೆ ಕೆಂಪು ಗೆರೆ. ಗೆರೆ ಕಾಣದ ಹೆಸರುಗಳೂ ಬೇಕಾದಷ್ಟಿದ್ದವು, ಅವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ನಮ್ಮ ಮೂವರ ಶಾಲೆ, ಅಕ್ಕನ ಮದುವೆ ನಡೆದದ್ದು ಪಿಂಚಣಿ ಮತ್ತು ಗೇಟಿನ ಸಂಬಳದಲ್ಲಿ. ಪದಕಗಳು ಅಕ್ಕಿ ಡಬ್ಬಿಯ ಹಿಂದಿನ ಬಿಸ್ಕತ್ತಿನ ತಗಡಿನಲ್ಲಿ ಇರುತ್ತಿದ್ದವು, ಜನವರಿ 26ಕ್ಕೆ ಮಾತ್ರ ಹೊರಗೆ.

1971ರಲ್ಲಿ ಇಪ್ಪತ್ತು ತುಂಬಿದ್ದವರಿಗೆ ಈಗ ಎಪ್ಪತ್ತು ದಾಟಿ ಎಷ್ಟೋ ವರ್ಷ. ಠಾಣೆಯಿಂದ ನೆರೂಳ್‌ವರೆಗೆ ಎಷ್ಟು ಕನ್ನಡ ಸಂಘಗಳಿವೆ! ನಾಡಹಬ್ಬ, ಯಕ್ಷಗಾನ, ಸ್ಮರಣ ಸಂಚಿಕೆ ಯಾವುದಕ್ಕೂ ಕೊರತೆಯಿಲ್ಲ. ಸಂಚಿಕೆಯಲ್ಲಿ ದಾನಿಗಳ ಬಣ್ಣದ ಫೋಟೋಗಳ ನಡುವೆ ಈ ತಿರುಗಿ ಬಂದವರಿಗೆ ಎರಡು ಪುಟ ಬಿಡಿ. ಡಿಸೆಂಬರ್ 16ರ ವಿಜಯ ದಿವಸದಂದು ವೇದಿಕೆಗೆ ಕರೆದು ಶಾಲು ಹೊದಿಸುವುದು ಬೇಡ, ಶಾಲು ಹೊದ್ದವರು ಮಾತಾಡುವುದಿಲ್ಲ. ಒಬ್ಬ ಹುಡುಗಿಯನ್ನು ಮೊಬೈಲ್ ಕೊಟ್ಟು ಅವರ ಮನೆಗೆ ಕಳಿಸಿ. ಯುದ್ಧದ ಬಗ್ಗೆ ಕೇಳುವ ಮೊದಲು ಆಮೇಲಿನ ನಲವತ್ತು ವರ್ಷಗಳ ಬಗ್ಗೆ ಕೇಳಲಿ.

ನಾನು ಕೇಳಲಿಲ್ಲ. ಅಪ್ಪನ ಕಾರ್ಯದ ದಿನ ಗುರುತಿಲ್ಲದ ಒಬ್ಬರು ಬಂದು ಅಮ್ಮನ ಕೈಗೆ ಮುನ್ನೂರು ರೂಪಾಯಿ ಇಟ್ಟು, ರಿಜಿಸ್ಟರಿನಲ್ಲಿ ತಮ್ಮ ಹೆಸರು ಹುಡುಕಿ ಕೊಡಿ ಎಂದರು. 1988ರ ಪುಟದಲ್ಲಿತ್ತು. ಕೆಂಪು ಪೆನ್ನು ಸಿಗದೆ ನೀಲಿಯಲ್ಲೇ ಗೆರೆ ಎಳೆದೆ.